ಪರಾತದಲ್ಲಿ ತೊಗರಿ, ಹೊರಸಿನಲ್ಲಿ ಗೆಜ್ಜೆ

ಮೊದಲು ನನ್ನ ತಪ್ಪು ಹೇಳಿಬಿಡುತ್ತೇನೆ. ಕಲಬುರಗಿ ಜಿಲ್ಲೆಯ ಶಹಾಬಾದ್ ಕಡೆಯ ಒಂದು ಹಳ್ಳಿ. ಮೂರೂವರೆ ವರ್ಷದ ಹುಡುಗ, ಹುಟ್ಟಿನಿಂದ ಕಣ್ಣು ಕಾಣದು. ಆಟವಾಡಿಸಲು ಹೋದ ಮೊದಲ ದಿನವೇ ಅವನ ಮಣಿಕಟ್ಟು ಹಿಡಿದು, ನಾದಿದ ಜೋಳದ ಹಿಟ್ಟಿನಲ್ಲಿ ಅಂಗೈ ಒತ್ತಿಸಿದೆ. ಚೀರಿ ಕೈ ಕಿತ್ತುಕೊಂಡವನು ಎರಡು ವಾರ ನನ್ನ ದನಿ ಕೇಳಿದರೆ ಸಾಕು, ಅಜ್ಜಿಯ ಸೆರಗಿನೊಳಗೆ ಸೇರುತ್ತಿದ್ದ. ಕಾಣದ ಮಗುವಿಗೆ ಕೈಯೇ ಕಣ್ಣು ಎಂದು ತರಬೇತಿಯಲ್ಲಿ ಬರೆದುಕೊಂಡವಳು ನಾನು; ಆ ಕಣ್ಣಿಗೇ ಹಿಟ್ಟು ಎರಚಿದ್ದೆ.

ಆಮೇಲೆ ಕೈ ಹಿಡಿಯುವುದನ್ನೇ ಬಿಟ್ಟೆ. ನನ್ನ ಕೈಯನ್ನು ಅವನ ಅಂಗೈಯ ಕೆಳಗಿಟ್ಟು ನಾನು ಆಡುತ್ತೇನೆ. ಬೇಡವೆನಿಸಿದಾಗ ಅವನು ಎತ್ತಿಕೊಳ್ಳಬಹುದು. ಧೈರ್ಯ ಬಂದಾಗ ಬೆರಳು ತಾನಾಗಿ ಕೆಳಗಿಳಿಯುತ್ತದೆ.

ಹಸಿ ಹಿಟ್ಟನ್ನು ಬದಿಗಿಟ್ಟು ಒಣ ತೊಗರಿಗೆ ಬಂದೆ. ನಮ್ಮಲ್ಲಿ ಅದಕ್ಕೇನು ಬರ? ಆದರೆ ಪರಾತದಲ್ಲೇ, ಅಂದರೆ ಅಂಚಿರುವ ಅಗಲ ತಟ್ಟೆಯಲ್ಲೇ, ಹಾಕಬೇಕು. ನೆಲದಲ್ಲಿ ಉರುಳಿ ಹೋದದ್ದು ಅವನ ಪಾಲಿಗೆ ಇಲ್ಲವೇ ಇಲ್ಲ; ಅಂಚಿದ್ದರೆ ತಡಕಿದಾಗ ಸಿಗುತ್ತದೆ. ಕಾಳು ಮೂಗು, ಕಿವಿ, ಗಂಟಲಿಗೆ ಹೋಗುವುದು ಕ್ಷಣದ ಕೆಲಸ. ಆದ್ದರಿಂದ ಪರಾತ ಮುಂದಿರುವಷ್ಟು ಹೊತ್ತು ನಾನು ಎದ್ದು ಹೋಗುವುದಿಲ್ಲ. ಎಲ್ಲವನ್ನೂ ಬಾಯಿಗಿಡುವ ಮಗುವಿಗೆ ಕಾಳು ಬೇಡವೇ ಬೇಡ.

ಡೆನ್ಮಾರ್ಕಿನ ಶಿಕ್ಷಣತಜ್ಞೆ ಲಿಲಿ ನೀಲ್ಸನ್ ಇಂಥ ಮಕ್ಕಳಿಗಾಗಿ ಒಂದು ಪುಟ್ಟ ಕೋಣೆಯನ್ನೇ ರೂಪಿಸಿದ್ದರು: ಮಲಗಿದ ಮಗುವಿನ ಸುತ್ತ ವಸ್ತುಗಳು ತೂಗುತ್ತಿರುತ್ತವೆ, ಪ್ರತಿಯೊಂದೂ ತನ್ನ ಜಾಗದಲ್ಲೇ. ನಾನು ಹಳೆಯ ಹೊರಸಿನ ಚೌಕಟ್ಟಿಗೆ ಚಮಚ, ತೆಂಗಿನ ಕರಟ, ಕೀಲಿಗೊಂಚಲು, ಗೆಜ್ಜೆಗಳನ್ನು ಗಿಡ್ಡ ದಾರದಿಂದ ಬಿಗಿಯಾಗಿ ಕಟ್ಟಿದೆ. ಅವುಗಳ ಸದ್ದು ಅವನಿಗೆ ಕೇಳಲೆಂದು ಮನೆಯ ಟಿ.ವಿ. ಬಂದ್. ಪಕ್ಕದಲ್ಲಿ ಕುಳಿತು 'ಇದೇನು, ಅದೇನು' ಎಂದು ನಾನೂ ಬಡಬಡಿಸಲಿಲ್ಲ. ಇದೇ ನನಗೆ ಎಲ್ಲಕ್ಕಿಂತ ಕಷ್ಟವಾದದ್ದು. ಹತ್ತನೆಯ ದಿನ ಅವನ ಅಕ್ಕ ಗೆಜ್ಜೆಯನ್ನು ಬಿಚ್ಚಿ ಇನ್ನೊಂದು ಮೂಲೆಗೆ ಕಟ್ಟಿದಳು. ಹುಡುಗ ಹಳೆಯ ಜಾಗಕ್ಕೆ ಕೈ ಹಾಕಿದ, ಸಿಗಲಿಲ್ಲ, ಸಿಟ್ಟಿನಿಂದ ಕಾಲು ಬಡಿದ. ಮನೆಯವರು ಗಾಬರಿಯಾದರು. ನನಗೆ ಹಬ್ಬ: ಗೆಜ್ಜೆ ಎಲ್ಲಿರಬೇಕೆಂದು ಅವನಿಗೆ ಗೊತ್ತಿದೆ!

ಅಲ್ಪಸ್ವಲ್ಪ ಕಾಣುವ ಮಕ್ಕಳಿಗೆ ದಾರಿ ಬೇರೆ. ಪಕ್ಕದ ಊರಿನ ಹುಡುಗಿಗೆ ಕಪ್ಪು ಕಂಬಳಿಯ ಮೇಲೆ ಹಳದಿ ಚೆಂಡು ಇಡುತ್ತೇನೆ, ಬೆಳಕು ಅವಳ ಬೆನ್ನ ಕಡೆಯಿಂದ ಬರುವಂತೆ ಕೂರಿಸಿ.

ಮತ್ತೆ ಆ ಹಿಟ್ಟಿನ ಸಂಗತಿ. ನಾನು ಅದರ ಆಸೆ ಬಿಟ್ಟಿದ್ದೆ. ಒಂದು ಬೆಳಿಗ್ಗೆ ಅಜ್ಜಿ ರೊಟ್ಟಿ ಬಡಿಯುವ ಸದ್ದು ಕೇಳಿ ಹುಡುಗ ಹಾಸುಗಲ್ಲಿನ ಮೇಲೆ ತೆವಳುತ್ತಾ ಹೋಗಿ, ಅವಳ ಕೈಯ ಮೇಲೆ ತನ್ನ ಕೈ ಇಟ್ಟ. ಒಲೆಯಿಂದ ದೂರ ಸರಿದು ಕೂತು, ಆರಿದ ಒಂದು ಉಂಡೆಯನ್ನು ಅವನ ಮುಂದಿಟ್ಟಳು. ತಟ್ಟಿದ. ಇನ್ನೂ ಜೋರಾಗಿ ತಟ್ಟಿದ.

"ಅಕ್ಕೋರೇ, ಇವನ ರೊಟ್ಟಿ ನೀವೇ ತಿನ್ನಬೇಕು" ಎಂದಳು ಅಜ್ಜಿ. ತಿಂದೆ. ಒಂದು ಕಡೆ ಬೆಂದೇ ಇರಲಿಲ್ಲ.