ಬ್ಯಾಂಕಿನ ಬಾಗಿಲಲ್ಲಿ ಜನ ಸೇರಿದಾಗ ಏನು ಹೇಳಬೇಕು

ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆಯಲ್ಲೋ ಬದಿಯಡ್ಕದಲ್ಲೋ ಒಂದು ಸಹಕಾರಿ ಬ್ಯಾಂಕ್ ಎಂದಿಟ್ಟುಕೊಳ್ಳಿ. ಬಾಗಿಲು ತೆರೆಯುವ ಮೊದಲೇ ಠೇವಣಿದಾರರು ಪಾಸ್‌ಬುಕ್ ಹಿಡಿದು ನಿಂತಿದ್ದಾರೆ. ಆಗ ಆಡಳಿತ ಸಮಿತಿ ಗಡಿಬಿಡಿಯಲ್ಲಿ ಬರೆಯುವುದು ಬ್ಯಾಂಕಿನ ಮಾನ ಕಾಯುವ ಹೇಳಿಕೆಯನ್ನು. ನಿಂತವರಿಗೆ ಬೇಕಾದ್ದು ಬೇರೆ: ಹಣ ಯಾವ ಕೌಂಟರಿನಲ್ಲಿ, ಎಷ್ಟು ಗಂಟೆವರೆಗೆ, ಏನೇನು ದಾಖಲೆ ತರಬೇಕು. ಅದನ್ನು ಮೊದಲು ಅಂಟಿಸಿ.

ಆಮೇಲಿನ ಧಾಟಿ ನಿರ್ಧಾರವಾಗುವುದು ಜನ ನಿಮ್ಮನ್ನು ಎಷ್ಟು ಹೊಣೆ ಮಾಡುತ್ತಾರೆ ಎಂಬುದರ ಮೇಲೆ. ಅಮೆರಿಕದ ಸಂವಹನ ವಿದ್ವಾಂಸ ತಿಮೊಥಿ ಕೂಂಬ್ಸ್ ಬಿಕ್ಕಟ್ಟುಗಳನ್ನು ಮೂರು ಗುಂಪು ಮಾಡಿದ್ದಾರೆ. ವಾಟ್ಸಾಪ್ ವದಂತಿಯಾದರೆ ಸಂಸ್ಥೆಯೇ ಬಲಿಪಶು. ನೇರವಾಗಿ ನಿರಾಕರಿಸಿ, ಜೊತೆಗೇ ಕೇಳಿದವರಿಗೆ ಹಣ ಎಣಿಸಿ ಕೊಡಿ. ಸರ್ವರ್ ಕೆಟ್ಟಿದ್ದರೆ ಅದು ಆಕಸ್ಮಿಕ. ಕಾರಣ ಹೇಳಿ, ಸರಿಯಾಗುವ ಸಮಯ ಹೇಳಿ. ಅಡವಿಟ್ಟ ಚಿನ್ನವೇ ಕಾಣೆಯಾಗಿದ್ದರೆ ಅದು ತಪ್ಪಿಸಬಹುದಾಗಿದ್ದ ತಪ್ಪು. ಇಲ್ಲಿ ಸಬೂಬು ನಡೆಯದು. ಕ್ಷಮೆ, ಪರಿಹಾರ, ಪೊಲೀಸ್ ದೂರು, ಮೂರೂ ಒಟ್ಟಿಗೇ ಬರಬೇಕು. ಆದರೆ ಪರಿಹಾರದ ಮಾತು ಬರೆಯುವ ಮುನ್ನ ವಕೀಲರಿಗೊಮ್ಮೆ ತೋರಿಸಿ.

ಹಿಂದೆ ಇಂಥದ್ದೇ ನಡೆದಿದ್ದರೆ ಒಂದು ಮೆಟ್ಟಿಲು ಮೇಲೆ ಹೋಗಿ: ಆಕಸ್ಮಿಕವನ್ನೂ ನಿಮ್ಮ ತಪ್ಪೆಂದೇ ಭಾವಿಸಿ ಉತ್ತರಿಸಿ. 2021ರಲ್ಲಿ ತ್ರಿಶೂರಿನ ಕರುವನ್ನೂರು ಸಹಕಾರಿ ಬ್ಯಾಂಕಿನ ಸಾಲ ಹಗರಣ ಹೊರಬಿದ್ದ ಮೇಲಂತೂ ತಾವು ಏನೂ ಮಾಡದ ಸಹಕಾರಿ ಬ್ಯಾಂಕಿನವರೂ 'ನಮ್ಮ ಹಣ ಸುರಕ್ಷಿತವೇ' ಎಂಬ ಪ್ರಶ್ನೆ ಎದುರಿಸಬೇಕು. 'ನಮ್ಮದು ಹಾಗಲ್ಲ' ಎಂದರೆ ಸಾಲದು. ಲೆಕ್ಕಪರಿಶೋಧನೆಯ ವರದಿ ಮೇಜಿನ ಮೇಲಿರಲಿ.

ಚಿನ್ನದ ಪ್ರಕರಣದ ನೋಟಿಸು ಇಷ್ಟಿದ್ದರೆ ಸಾಕು, ವಕೀಲರು ನೋಡಿದ ಪರಿಹಾರದ ಸಾಲನ್ನು ಇದಕ್ಕೆ ಸೇರಿಸಿ:

'ಅಡವಿನ ಚಿನ್ನದ ತೂಕದಲ್ಲಿ ವ್ಯತ್ಯಾಸ ಕಂಡಿದೆ. ಪೊಲೀಸರಿಗೆ ದೂರು ಕೊಟ್ಟಿದ್ದೇವೆ. ರಸೀದಿ ತಂದು ನಿಮ್ಮ ಎದುರೇ ತೂಗಿಸಿಕೊಳ್ಳಿ. ಇದು ನಮ್ಮ ಮೇಲ್ವಿಚಾರಣೆಯ ತಪ್ಪು, ಕ್ಷಮಿಸಿ. ಮುಂದಿನ ಮಾಹಿತಿ ಸಂಜೆ 4ಕ್ಕೆ.'

ಎಷ್ಟು ಗ್ರಾಂ, ಯಾರು ಎಂಬುದು ಖಚಿತವಾಗದೆ ಬರೆಯಬೇಡಿ. ಸಂಜೆ 4ಕ್ಕೆ ಹೊಸದೇನೂ ಇಲ್ಲದಿದ್ದರೂ ಇಲ್ಲವೆಂದೇ ಅಂಟಿಸಿ. ಮಾತಾಡುವವರು ಒಬ್ಬರೇ ಇರಲಿ. ಅಧ್ಯಕ್ಷರು ಒಂದು, ಕಾರ್ಯದರ್ಶಿ ಇನ್ನೊಂದು ಹೇಳಿದರೆ ಮುಗಿಯಿತು.

ನಮ್ಮಲ್ಲಿ ಎಡವುವ ಜಾಗ ಇನ್ನೊಂದಿದೆ. ನೋಟಿಸು ಮಲಯಾಳದಲ್ಲಿ ಬೆಳಿಗ್ಗೆ, ಕನ್ನಡದಲ್ಲಿ ಸಂಜೆ ಬಂದರೆ ನಡುವಿನ ಹೊತ್ತನ್ನು ವದಂತಿ ತುಂಬುತ್ತದೆ. ಎರಡನ್ನೂ ಒಟ್ಟಿಗೆ ಅಂಟಿಸಿ, ಪದಗಳನ್ನು ತಾಳೆ ನೋಡಿ. ಮಲಯಾಳದಲ್ಲಿ ಬರೀ 'ಖೇದ', ಕನ್ನಡದಲ್ಲಿ 'ಕ್ಷಮೆ' ಇದ್ದರೆ, ಎರಡೂ ಓದಬಲ್ಲ ಊರಿನವರು ಮಧ್ಯಾಹ್ನದೊಳಗೆ ಅದನ್ನೇ ಹಿಡಿದು ಕೇಳುತ್ತಾರೆ: ತಪ್ಪು ಒಪ್ಪಿದ್ದೋ, ಇಲ್ಲವೋ?