ಚಿತ್ರದ ನಡುವೆ ಬರೆಸುವ ಚೀಟಿ

ಚಿತ್ರ ಮುಗಿದ ಮೇಲೆ ‘ಹೇಗಿತ್ತು?’ ಎಂದು ಕೇಳಿದರೆ ಹೆಚ್ಚಿನವರು ‘ಚೆನ್ನಾಗಿತ್ತು’ ಎಂದು ಹೇಳಿ ಎದ್ದುಬಿಡುತ್ತಾರೆ. ಊರಿನಲ್ಲಿ ಚಿತ್ರ ಸಮಾಜ ನಡೆಸುವ ನನಗೆ ಅಷ್ಟು ಸಾಲದು. ಅದಕ್ಕೇ ‘ದಿ ನ್ಯಾರೋ ಮಾರ್ಜಿನ್’ ತೋರಿಸುವಾಗ ಪ್ರೇಕ್ಷಕರ ಅಭಿಪ್ರಾಯವನ್ನು ನಡುವೆಯೇ ಒಮ್ಮೆ ಬರೆಸಿಕೊಳ್ಳುತ್ತೇನೆ.

ಹಾಲಿವುಡ್‌ನ ಆರ್‌ಕೆಓ ಸಂಸ್ಥೆಗಾಗಿ ರಿಚರ್ಡ್ ಫ್ಲೈಷರ್ ಕಡಿಮೆ ಬಂಡವಾಳದಲ್ಲಿ, 13 ದಿನಗಳಲ್ಲಿ ಚಿತ್ರೀಕರಿಸಿದ 71 ನಿಮಿಷಗಳ ಚಿತ್ರವಿದು. 1950ರಲ್ಲೇ ಚಿತ್ರೀಕರಣವಾದರೂ ತೆರೆ ಕಂಡದ್ದು 1952ರಲ್ಲಿ. ಪಾತಕಿಯೊಬ್ಬನ ವಿಧವೆ ಲಾಸ್ ಏಂಜಲೀಸ್‌ಗೆ ಹೋಗಿ ಸಾಕ್ಷಿ ಹೇಳಬೇಕು. ಷಿಕಾಗೋದಿಂದ ಅವಳನ್ನು ರೈಲಿನಲ್ಲಿ ಅಡಗಿಸಿ ಕರೆದೊಯ್ಯುವ ಹೊಣೆ ಪತ್ತೇದಾರ ಬ್ರೌನ್‌ನದು. ಹಂತಕರೂ ಅದೇ ರೈಲು ಹತ್ತಿದ್ದಾರೆ, ಆದರೆ ಅವರಿಗೆ ಅವಳ ಮುಖ ಗೊತ್ತಿಲ್ಲ.

ನೋಡದವರು ಇಲ್ಲಿಗೆ ನಿಲ್ಲಿಸಿ ಮೊದಲು ಚಿತ್ರ ನೋಡಿಬಿಡಿ. ಗುಟ್ಟು ಬಿಡದೆ ನನ್ನ ಮಾತು ಮುಂದೆ ಸಾಗದು.

ಗುಟ್ಟು ಬಯಲಾಗುವ ಮುನ್ನ ಚಿತ್ರವನ್ನು ತಡೆದು ಎಲ್ಲರಿಗೂ ಒಂದೊಂದು ಚೀಟಿ ಕೊಡುತ್ತೇನೆ. ‘ಈ ಹೆಂಗಸು ಎಂಥವಳು? ಒಂದೇ ವಾಕ್ಯ, ಹೆಸರು ಬೇಡ.’ ನಡುವೆ ತಡೆಯುವುದು ಅಪಚಾರ ಎನ್ನುವವರಿದ್ದಾರೆ. ಅವರ ಬೇಸರ ನನಗೆ ಅರ್ಥವಾಗುತ್ತದೆ, ಆದರೂ ಈ ಒಂದು ಚಿತ್ರಕ್ಕೆ ನಾನು ಪಟ್ಟು ಬಿಡುವುದಿಲ್ಲ. ಚೀಟಿಗಳಲ್ಲಿ ಬರುವುದು ಸಾಮಾನ್ಯವಾಗಿ ಒಂದೇ ರಾಗ: ಬಾಯಿಬಡುಕಿ, ಸ್ವಾರ್ಥಿ, ಇವಳನ್ನು ಕಾಯಲು ಹೋಗಿ ಬ್ರೌನ್‌ನ ಜೊತೆಗಾರನಾದ ಆ ಹಿರಿಯ ಪೊಲೀಸ್ ಪ್ರಾಣ ಕೊಡಬೇಕಿತ್ತೇ.

ಆಮೇಲೆ ತಿಳಿಯುತ್ತದೆ: ಅವಳು ಸಾಕ್ಷಿಯೇ ಅಲ್ಲ, ವೇಷ ಮರೆಸಿಕೊಂಡ ಪೊಲೀಸ್ ಅಧಿಕಾರಿ. ನಿಜವಾದ ಸಾಕ್ಷಿ ಅದೇ ರೈಲಿನಲ್ಲಿ ಮಗನೊಂದಿಗೆ ನೆಮ್ಮದಿಯಾಗಿ ಪಯಣಿಸುತ್ತಿರುವ ಸೌಮ್ಯ ಗೃಹಿಣಿ.

ಚಿತ್ರ ಮುಗಿದ ಮೇಲೆ ಚೀಟಿಗಳನ್ನು ಗಟ್ಟಿಯಾಗಿ ಓದುತ್ತೇನೆ. ನಂತರ ಆರಂಭದ ಟ್ಯಾಕ್ಸಿ ದೃಶ್ಯವನ್ನು ಮತ್ತೆ ಹಾಕುತ್ತೇನೆ. ಅವಳನ್ನು ಕಣ್ಣಿನಿಂದ ನೋಡುವ ಮೊದಲೇ ಬ್ರೌನ್ ತನ್ನ ಜೊತೆಗಾರನಿಗೆ ಅವಳು ಅಗ್ಗದ, ವಿಷದಂಥ ಹೆಂಗಸೆಂದು ತೀರ್ಪು ಕೊಟ್ಟಿರುತ್ತಾನೆ. ನಾವು ಬರೆದದ್ದು ಅವನ ಮಾತನ್ನೇ! ಇದನ್ನು ಯಾರೂ ವಿವರಿಸಬೇಕಾಗಿಲ್ಲ, ಸಭೆಯಲ್ಲಿ ತಾನಾಗಿಯೇ ಗುಸುಗುಸು ಏಳುತ್ತದೆ. ನಿಜವಾದ ಚರ್ಚೆ ಶುರುವಾಗುವುದೇ ಆಗ.

ಕೆಲವರು ಇದನ್ನು ಮೋಸ ಎನ್ನುತ್ತಾರೆ. ಏಕಾಂತದಲ್ಲೂ ಅವಳು ನಟಿಸುವುದೇಕೆ ಎಂಬುದು ಅವರ ವಾದ, ಮತ್ತು ಅದರಲ್ಲಿ ಹುರುಳಿದೆ. ಕೊಠಡಿಯಲ್ಲಿ ಬ್ರೌನ್ ಇರುವಷ್ಟು ಹೊತ್ತು ಅವನನ್ನೂ ನಂಬಿಸಬೇಕಿತ್ತು, ಅವನ ಪ್ರಾಮಾಣಿಕತೆಯ ಮೇಲೂ ಇಲಾಖೆಗೆ ಅನುಮಾನವಿತ್ತು ಎಂದು ನಾನು ಹೇಳುತ್ತೇನೆ. ಎಲ್ಲರೂ ಒಪ್ಪುವುದಿಲ್ಲ.

ಹಣದ ಕೊರತೆಯ ಬಗ್ಗೆ ಕೇಳುವುದು ಇನ್ನೊಂದು ಪ್ರಶ್ನೆ. ಮೆಟ್ಟಿಲ ಮೇಲೆ ಅವಳ ಹಾರ ಹರಿದು, ಮಣಿಗಳು ಒಂದೊಂದಾಗಿ ಉರುಳಿ, ಕತ್ತಲಲ್ಲಿ ನಿಂತ ಹಂತಕನ ಕಾಲ ಬಳಿ ಬಂದು ನಿಲ್ಲುವ ಆ ಕ್ಷಣಕ್ಕೆ ಎಷ್ಟು ಖರ್ಚಾಗಿರಬಹುದು? ಹಿನ್ನೆಲೆ ಸಂಗೀತದ ಬದಲು ರೈಲಿನ ಸದ್ದೇ ಎಲ್ಲೆಡೆ ತುಂಬಿದೆ. ಬೋಗಿಯ ಸೆಟ್ ಅಲುಗುವುದಿಲ್ಲ, ಅಲುಗುವುದು ಕೈಯಲ್ಲಿ ಹಿಡಿದ ಕ್ಯಾಮೆರಾ. ರೈಲ್ವೆಯಿಂದ ನಿವೃತ್ತರಾದ ಹಿರಿಯರೊಬ್ಬರು, ‘ನಿಂತ ಬೋಗಿ ಅಂತ ನನಗೆ ಅನ್ನಿಸಲೇ ಇಲ್ಲವಲ್ಲ ಸಾರ್’ ಎಂದಾಗ ನನಗೆ ಬಹಳ ಸಂತೋಷವಾಯಿತು.

ಕಡೆಗೆ ಉಳಿಯುವುದು ಆ ಅಧಿಕಾರಿಯ ಸಾವಿನ ವಿಚಾರ. ಕೆಲಸ ಮಾಡುತ್ತಲೇ ಅವಳು ಗುಂಡಿಗೆ ಬಲಿಯಾಗುತ್ತಾಳೆ, ಚಿತ್ರ ಅವಳಿಗಾಗಿ ಒಂದು ಗಳಿಗೆ ನಿಲ್ಲದೆ ಮುಂದೋಡುತ್ತದೆ. ‘ಅವಳಿಗೊಂದು ಮಾತು ಬೇಡವಾಗಿತ್ತೇ?’ ಎಂದು ಕಾಲೇಜು ಹುಡುಗಿಯೊಬ್ಬಳು ಸಿಟ್ಟಿನಿಂದಲೇ ಕೇಳಿದಳು. ಚಿತ್ರದ ಮೇಲೆ ನಾನು ಕೇಳಿದ ಆಕ್ಷೇಪಗಳಲ್ಲಿ ತೂಕದ್ದು ಅದೇ. ಈಗ ಚೀಟಿ ಓದಿದ ಕೂಡಲೇ ಮೊದಲು ಎತ್ತುವ ಪ್ರಶ್ನೆಯೂ ಅದೇ, ಏಕೆಂದರೆ ಅವಳನ್ನು ಬೈದ ಚೀಟಿ ಆಗಿನ್ನೂ ಎಲ್ಲರ ನೆನಪಿನಲ್ಲಿರುತ್ತದೆ.