ಬೆಂಗಳೂರಲ್ಲಿ ಕೂತು ಸಿಂಫನಿ ಆರ್ಕೆಸ್ಟ್ರಾಗೆ ಬರಿಯೋದು ಹೇಗೆ

ಮೊದ್ಲೇ ಹೇಳ್ಬಿಡ್ತೀನಿ, ಇದು ಗಣೇಶನ ಪೆಂಡಾಲ್ ಮುಂದೆ ಹಾಡೋ ಆರ್ಕೆಸ್ಟ್ರಾ ವಿಷ್ಯ ಅಲ್ಲ, ಅರವತ್ತು ಎಪ್ಪತ್ತು ಜನ ವಯಲಿನ್, ಚೆಲ್ಲೊ, ಹಾರ್ನ್ ಹಿಡ್ಕೊಂಡು ಕೂರೋ ಸಿಂಫನಿ ಆರ್ಕೆಸ್ಟ್ರಾ. ಅದು ನಮ್ಮೂರಿನವರಿಗಲ್ಲ ಅನ್ನೋರ ಮಾತು ಕೇಳ್ಬೇಡಿ. 1950ರಲ್ಲಿ ಲಂಡನ್‌ನಲ್ಲಿ ಜರ್ಮನಿಯ ಸಂಯೋಜಕ ರಿಚರ್ಡ್ ಸ್ಟ್ರಾಸ್ ಕೊನೇಲಿ ಬರೆದ ನಾಲ್ಕು ಹಾಡು ಮೊದಲ ಸಲ ಕೇಳಿಸಿದ್ದಕ್ಕೆ ಖರ್ಚಿನ ಭರವಸೆ ಕೊಟ್ಟಿದ್ದು ಮೈಸೂರಿನ ಜಯಚಾಮರಾಜ ಒಡೆಯರು.

ಶುರುವಲ್ಲೇ ಸಿಂಫನಿಗೆ ಕೈ ಹಾಕ್ಬೇಡಿ. ಸ್ಟ್ರಿಂಗ್ ಕ್ವಾರ್ಟೆಟ್ ಬರೀರಿ, ಎರಡು ವಯಲಿನ್, ಒಂದು ವಿಯೋಲಾ, ಒಂದು ಚೆಲ್ಲೊ, ನಾಲ್ಕೇ ಜನ ಸಾಕು, ಊರಲ್ಲೇ ಸಿಕ್ತಾರೆ, 1987ರಿಂದ ಬೆಂಗಳೂರು ಸ್ಕೂಲ್ ಆಫ್ ಮ್ಯೂಸಿಕ್ ಇದೆ, ಅಂಥ ಕಡೆ ಕಲ್ತವರ ಪರಿಚಯ ಮಾಡ್ಕೊಳ್ಳಿ. ನೋಟ್ಸ್ ಬರಿಯೋ ಸಾಫ್ಟ್‌ವೇರ್‌ಗೆ ದುಡ್ಡಿಲ್ಲ ಅಂದ್ರೆ ಮ್ಯೂಸ್‌ಸ್ಕೋರ್ ಫ್ರೀ. ಹಳೇ ಮಾಸ್ಟರ್‌ಗಳ ಸ್ಕೋರ್, ಅಂದ್ರೆ ಎಲ್ಲ ವಾದ್ಯದ ನೋಟ್ಸೂ ಒಟ್ಟಿಗೆ ಇರೋ ಪ್ರತಿ, ಐಎಂಎಸ್‌ಎಲ್‌ಪಿ ಅನ್ನೋ ವೆಬ್‌ಸೈಟಲ್ಲಿ ಇಳಿಸ್ಕೊಂಡು ಬೆರಳಿಟ್ಟು ಓದ್ತಾ ಕೇಳಿ.

ಕರ್ನಾಟಕ ಸಂಗೀತದಿಂದ ಬಂದವರಿಗೆ ನಿಜವಾದ ಕಷ್ಟ ಗಮಕ, ಅಂದ್ರೆ ಸ್ವರಾನ ಅಲ್ಲಾಡಿಸೋದು, ಜಾರಿಸೋದು. ತೋಡಿ ರಾಗದ ಗಾಂಧಾರಾನ ಹನ್ನೆರಡು ವಯಲಿನ್‌ಗೆ ಒಟ್ಟಿಗೆ ಕೊಟ್ರೆ ಹನ್ನೆರಡು ಜನಾನೂ ಒಂದೊಂದು ಥರ ಅಲ್ಲಾಡಿಸ್ತಾರೆ, ಕೇಳೋಕೆ ಬರೀ ಮಸಕು. ನಾನು ಮಾಡೋದು ಇಷ್ಟೇ, ಗಮಕ ಒಬ್ಬ ಸೋಲೋ ವಯಲಿನ್‌ನವರಿಗೆ, ಅದೂ ಯಾವ ಸ್ವರದಿಂದ ಯಾವ ಸ್ವರಕ್ಕೆ ಎಷ್ಟು ಹೊತ್ತಲ್ಲಿ ಜಾರ್ಬೇಕು ಅಂತ ನೋಟ್ಸ್‌ನಲ್ಲೇ ಬಿಡಿಸಿ ಬರ್ದು, ಉಳಿದವರಿಗೆ ಷಡ್ಜ ಪಂಚಮ ಹಿಡಿಸ್ತೀನಿ.

ಈಗ ಪಾರ್ಟ್ಸ್, ಅಂದ್ರೆ ಒಬ್ಬೊಬ್ಬರ ಮುಂದೆ ಇರೋ ಹಾಳೆ. ನಿಮ್ಮ ಹೆಸ್ರು ಉಳಿಯೋದೂ ಹೋಗೋದೂ ಇಲ್ಲೇ. ಬಿ ಫ್ಲ್ಯಾಟ್ ಕ್ಲಾರಿನೆಟ್‌ಗೆ ಸಿ ಬರೆದ್ರೆ ಕೇಳೋದು ಬಿ ಫ್ಲ್ಯಾಟ್, ನಮ್ಮ ಲೆಕ್ಕದಲ್ಲಿ ಸ ಬರೆದ್ರೆ ಕೆಳಗಿನ ಕೈಶಿಕಿ ನಿಷಾದ. ನನ್ನ ಮೊದಲನೇ ರಿಹರ್ಸಲ್‌ಗೆ ಟ್ರಾನ್ಸ್‌ಪೋಸ್ ಮಾಡದೇ, ಅಂದ್ರೆ ಆ ವ್ಯತ್ಯಾಸದಷ್ಟು ಮೇಲೆ ಬರೀದೇ, ಪ್ರಿಂಟ್ ಹಾಕ್ಸಿದ್ದೆ, ಸಿಕ್ಕಿದ್ದ ಅರ್ಧ ಗಂಟೇಲಿ ಮುಕ್ಕಾಲು ಭಾಗ ಅದನ್ನ ಸರಿಮಾಡೋದ್ರಲ್ಲೇ ಹೋಯ್ತು, ಇವತ್ತಿಗೂ ಹೊಟ್ಟೆ ಉರಿಯುತ್ತೆ. ಇನ್ನೊಂದು, ವಯಲಿನ್‌ನವರು ಇಬ್ಬಿಬ್ರು ಒಂದೇ ಸ್ಟ್ಯಾಂಡ್ ನೋಡ್ತಾರೆ, ಪೇಜ್ ತಿರುಗಿಸೋಕೆ ಒಬ್ರು ನುಡಿಸೋದು ನಿಲ್ಲಿಸ್ಬೇಕು, ಆಗ ಸೆಕ್ಷನ್‌ನ ಅರ್ಧ ಸದ್ದೇ ಇರಲ್ಲ, ಅದಕ್ಕೇ ಬಲಗಡೆ ಪುಟದ ಕೊನೇಲಿ ಒಂದೆರಡು ಬಾರ್ (ತಾಳದ ಒಂದು ಸುತ್ತಿನ ಥರ) ರೆಸ್ಟ್, ಅಂದ್ರೆ ನುಡಿಸದೇ ಇರೋ ಹೊತ್ತು, ಬರೋ ಹಾಗೆ ಪುಟ ಜೋಡಿಸಿ.

ದುಡ್ಡಿನ ವಿಷ್ಯ, ಕಮಿಷನ್, ಅಂದ್ರೆ ಹೊಸದಾಗಿ ಬರ್ಕೊಡಿ ಅನ್ನೋ ಆರ್ಡರ್, ಸಿಕ್ಕಿದ್ರೆ ಫೀಸು, ಡೆಡ್‌ಲೈನ್, ರೆಕಾರ್ಡಿಂಗ್ ಯಾರದ್ದು ಅಂತ ಬರವಣಿಗೇಲಿ ಇಸ್ಕೊಳ್ಳಿ, ಸಂಗೀತ ಬರೆದವರಿಗೆ ರಾಯಲ್ಟಿ ವಸೂಲಿ ಮಾಡ್ಕೊಡೋ ಸಂಘ ಐಪಿಆರ್‌ಎಸ್‌ಗೆ ಮೆಂಬರ್ ಆಗಿ, ಬರೀ ಇದ್ರಲ್ಲೇ ಮನೆ ಬಾಡಿಗೆ ಕಟ್ಟೋದು ಕಷ್ಟ, ಪಾಠ ಹೇಳೋದು, ಸಿನಿಮಾಗೆ ಅರೇಂಜ್ ಮಾಡೋದು ಜೊತೇಲಿ ಇರ್ಲಿ. ಮುಂಬೈಯ ಕಲಾ ಕೇಂದ್ರ ಎನ್‌ಸಿಪಿಎಯಲ್ಲಿ 2006ರಿಂದ ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾ ಇದೆ, ಒಂದ್ಸಲನಾದ್ರೂ ಹೋಗಿ ಎದುರಿಗೆ ಕೂತು ಕೇಳಿ, ಲ್ಯಾಪ್‌ಟಾಪ್‌ನಲ್ಲಿ ಸಾಫ್ಟ್‌ವೇರ್ ನುಡಿಸೋ ಕೊಳಲು ಟ್ರಂಪೆಟ್ ಸದ್ದಿನ ಮೇಲೂ ಕೇಳಿಸುತ್ತೆ, ಹಾಲ್‌ನಲ್ಲಿ ನಿಜವಾದ ಕೊಳಲು ಹಾಗೆ ಕೇಳಿಸಲ್ಲ.

ಕಚೇರಿ ಮುಗಿದ್ಮೇಲೆ ಪಾರ್ಟ್ಸ್ ವಾಪಸ್ ಇಸ್ಕೊಳ್ಳಿ. ಎಲ್ಲಿ ಬೋ (ವಯಲಿನ್ ಕಮಾನು) ದಿಕ್ಕು ಬದಲಾಯಿಸಿದ್ರು, ಎಲ್ಲಿ ಉಸಿರು ಸಾಲ್ದೇ ಕಾಮಾ ಹಾಕ್ಕೊಂಡ್ರು ಅಂತ ಪೆನ್ಸಿಲ್‌ನಲ್ಲಿ ಗುರುತು ಮಾಡಿರ್ತಾರೆ, ಅದನ್ನೆಲ್ಲ ಫೈಲ್‌ಗೆ ಏರಿಸಿ, ಆಮೇಲೆ ಮುಂದಿನ ಆರ್ಕೆಸ್ಟ್ರಾಗೆ ಕಳಿಸಿ.